ಕಾರ್ಮಿಕ ಚರಿತ್ರೆಯ ಗದ್ಯಭಾಗಗಳ ಅಭ್ಯಾಸ ಪುಸ್ತಕ: ಮೂರು ವರ್ಷ ಬಳಸಿದ ಮೇಲೆ

ಬಂಗಾರಪೇಟೆಯಲ್ಲಿ ನಮ್ಮ ಮನೆ ಮಹಡಿಯ ಮೇಲೆ ಸಂಜೆ ಹೊತ್ತು ಟ್ಯೂಷನ್ ನಡೆಸುತ್ತೇನೆ. ಎಸ್‌ಎಸ್‌ಎಲ್‌ಸಿ ಮಕ್ಕಳು ಬರುತ್ತಾರೆ. ಸರ್ಕಾರಿ ಪರೀಕ್ಷೆಗಳಿಗೆ ಓದುವ ಹುಡುಗರು, ಹುಡುಗಿಯರೂ ಬರುತ್ತಾರೆ. ಎರಡು ಗುಂಪಿಗೂ ತಪ್ಪದ ಕಾಟ ಒಂದೇ: 'ಕೆಳಗಿನ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ.' ಕಂಠಪಾಠ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಯುಪಿಎಸ್‌ಸಿಯ ಸಿಸ್ಯಾಟ್‌ನಲ್ಲಂತೂ (ಸಿವಿಲ್ ಸರ್ವೀಸ್ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆ) ಒಂದು ಪ್ರಶ್ನೆಗೆ 2.5 ಅಂಕ, ತಪ್ಪಾದರೆ ಅದರಲ್ಲಿ ಮೂರನೇ ಒಂದು ಭಾಗ ಕಳೆಯುತ್ತಾರೆ. ಊಹೆ ಮಾಡಿ ಗುರುತು ಹಾಕಿದರೆ ಕೈ ಸುಡುತ್ತದೆ.

ಮೂರು ವರ್ಷದ ಹಿಂದೆ ಕೋಲಾರದ ಅಂಗಡಿಯೊಂದರಲ್ಲಿ ಈ ಪುಸ್ತಕ ಸಿಕ್ಕಿತು. ಪೂರ್ತಿ ಸಮಾಜ ಮತ್ತು ಕಾರ್ಮಿಕರ ಚರಿತ್ರೆಯ ಮೇಲಿನ ಗದ್ಯಭಾಗಗಳು. ಪ್ರತಿಯೊಂದರ ಕೆಳಗೆ ಐದೋ ಆರೋ ಪ್ರಶ್ನೆ, ಕೊನೆಯಲ್ಲಿ ಉತ್ತರ. ಪ್ರಕಾಶಕರ ಹೆಸರು ಬರೆಯುವುದಿಲ್ಲ. ಕೆಳಗೆ ಒಂದೆರಡು ದೂರು ಇವೆ, ಅವರನ್ನು ನೋಯಿಸುವುದು ನನ್ನ ಉದ್ದೇಶ ಅಲ್ಲ. ಇಂಥ ಪುಸ್ತಕ ಕೊಳ್ಳಬೇಕೋ ಬೇಡವೋ, ಕೊಂಡರೆ ಹೇಗೆ ಬಳಸಬೇಕು ಅನ್ನುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ವಾರವೇ ಈ ಪುಸ್ತಕ ನನ್ನನ್ನು ತಪ್ಪು ದಾರಿಯಲ್ಲಿ ಹಿಡಿಯಿತು. ಕೋಲಾರದ ಚಿನ್ನದ ಗಣಿ ಬಗ್ಗೆ ಒಂದು ಗದ್ಯಭಾಗ ಇದೆ. ಮಕ್ಕಳಿಗೆ ಕೊಡುವ ಮೊದಲು ನಾನೇ ಕೂತು ಬಿಡಿಸಿದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದದ್ದು, ಕೆಳಗಿನ ಸೆಕೆ, ಬಂಡೆ ತನ್ನಷ್ಟಕ್ಕೆ ಸಿಡಿದು ಜನ ಸಾಯುತ್ತಿದ್ದದ್ದು, ಇಷ್ಟನ್ನು ಅದು ಹೇಳುತ್ತದೆ. ಪ್ರಶ್ನೆ: 'ಲೇಖಕರ ಪ್ರಕಾರ ಕೆಲಸಗಾರರ ಜೀವಕ್ಕೆ ಇದ್ದ ದೊಡ್ಡ ಅಪಾಯ ಯಾವುದು?' ನಾನು ಹಿಂದೆ ಮುಂದೆ ನೋಡದೆ 'ಕಲ್ಲಿನ ದೂಳು' ಅಂತ ಗುರುತು ಹಾಕಿದೆ. ನಮ್ಮ ಅಪ್ಪ ಅಂಡರ್‌ಗ್ರೌಂಡ್‌ನಲ್ಲಿ ಕೆಲಸ ಮಾಡಿದವರು. ರಾತ್ರಿಯೆಲ್ಲ ಅವರು ಗೋಡೆಗೆ ಒರಗಿ ಕೂತು ಕೆಮ್ಮುವುದನ್ನು ಕೇಳುತ್ತಾ ಬೆಳೆದವಳು ನಾನು. ಗಣಿಯ ಅಪಾಯ ಅಂದರೆ ನನಗೆ ದೂಳೇ, ಆ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ಸೇ.

ಉತ್ತರ ಪುಟದಲ್ಲಿ 'ಬಂಡೆ ಸಿಡಿತ' ಅಂತ ಇತ್ತು. ತುಂಬಾ ಸಿಟ್ಟು ಬಂತು. ಇವರಿಗೆ ಗಣಿ ಬಗ್ಗೆ ಏನು ಗೊತ್ತು ಅಂತ ಪುಸ್ತಕ ಮುಚ್ಚಿಟ್ಟೆ. ಮಾರನೇ ದಿನ ಇನ್ನೊಮ್ಮೆ ಓದಿದೆ. ಇಡೀ ಗದ್ಯಭಾಗದಲ್ಲಿ ದೂಳು ಅನ್ನುವ ಪದವೇ ಇರಲಿಲ್ಲ. ಉತ್ತರ ಸರಿಯಾಗೇ ಇತ್ತು. ನಾನು ಗದ್ಯಭಾಗ ಓದಿರಲಿಲ್ಲ, ಅಪ್ಪನನ್ನು ನೆನೆಸಿಕೊಂಡಿದ್ದೆ.

ನಮ್ಮ ಭಾಗದ ಮಕ್ಕಳಿಗೆ ಈ ವಿಷಯ ಕಷ್ಟವಾಗುವುದು ಇದೇ ಕಾರಣಕ್ಕೆ. ಬೇರೆಯವರಿಗೆ ಕಾರ್ಮಿಕ ಚರಿತ್ರೆ ಪಾಠ. ನಮ್ಮ ಮಕ್ಕಳಿಗೆ ಅದು ಮನೆ. ಒಬ್ಬರ ತಾತ ಗಣಿಯಲ್ಲಿದ್ದರು, ಇನ್ನೊಬ್ಬರ ಅಮ್ಮ ರೇಷ್ಮೆ ನೂಲು ತೆಗೆಯುತ್ತಾರೆ, ಮತ್ತೊಬ್ಬರ ಅಪ್ಪ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಗದ್ಯಭಾಗದ ಮೊದಲ ಸಾಲು ಓದುತ್ತಿದ್ದ ಹಾಗೆ ಅವರಿಗೆ ಕಥೆ ಗೊತ್ತಿದೆ ಅನಿಸಿಬಿಡುತ್ತದೆ. ಉಳಿದದ್ದನ್ನು ಕಣ್ಣು ಸುಮ್ನೆ ಸವರಿಕೊಂಡು ಹೋಗುತ್ತದೆ.

ಅದಕ್ಕೆ ನಾನು ಎರಡು ನೋಟ್‌ಬುಕ್ ಮಾಡಿಸಿದೆ. ಒಂದರಲ್ಲಿ ಉತ್ತರ, ಜೊತೆಗೆ ಆ ಉತ್ತರ ಎಷ್ಟನೇ ಸಾಲಿನಲ್ಲಿದೆ ಅನ್ನುವ ಸಂಖ್ಯೆ. ಸಾಲಿನ ಸಂಖ್ಯೆ ಇಲ್ಲದ ಉತ್ತರಕ್ಕೆ ನಾನು ಸರಿ ಗುರುತು ಹಾಕುವುದಿಲ್ಲ. ಇನ್ನೊಂದು ನೋಟ್‌ಬುಕ್ಕಿನ ಮೇಲೆ 'ಇಲ್ಲಿ ಹೇಳದೆ ಬಿಟ್ಟದ್ದು' ಅಂತ ಬರೆಸಿದ್ದೇನೆ. ದೂಳಿನ ಮಾತು ಅಲ್ಲಿಗೆ ಹೋಗುತ್ತದೆ. ಗಾಳಿ ಕಾಲದಲ್ಲಿ ಸೈನೈಡ್ ದಿಬ್ಬದ (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಗುಡ್ಡೆ) ಪುಡಿ ಅನ್ನದ ತಟ್ಟೆಗೂ ಬೀಳುತ್ತದೆ ಅಂತ ಒಬ್ಬ ಹುಡುಗ ಬರೆದಿದ್ದ. ಅಂಥದ್ದೆಲ್ಲ ಅಲ್ಲಿಗೆ. ಮಕ್ಕಳಿಗೆ ಗೊತ್ತಿರುವುದು ಸುಳ್ಳಲ್ಲ ಅಲ್ವಾ? ಅದನ್ನು ಒರೆಸಿಹಾಕಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಪರೀಕ್ಷೆಯ ಉತ್ತರದ ಜಾಗ ಬೇರೆ, ಅದರ ಜಾಗ ಬೇರೆ ಅಂತ ತೋರಿಸಿದರೆ ಸಾಕು. ಇದು ನನ್ನ ಏರ್ಪಾಡು, ಪುಸ್ತಕದಲ್ಲಿ ಇಲ್ಲ.

ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ ಗದ್ಯಭಾಗ ಬ್ರಿಟನ್ನಿನ 1833ರ ಕಾರ್ಖಾನೆ ಕಾಯ್ದೆಯದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂರು ವರ್ಷದಲ್ಲಿ ಬಂದ ಎಲ್ಲಾ ಬ್ಯಾಚೂ ಇಲ್ಲೇ ಎಡವಿದೆ, ಇಲ್ಲೇ ಕಲಿತಿದೆ. ಅದರಲ್ಲಿರುವ ವಿಷಯ ಇಷ್ಟು: ಜವಳಿ ಮಿಲ್ಲುಗಳಲ್ಲಿ 9 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, ರೇಷ್ಮೆ ಮಿಲ್ಲುಗಳಿಗೆ ಮಾತ್ರ ಇದರಿಂದ ವಿನಾಯಿತಿ. 9ರಿಂದ 13 ವರ್ಷದವರಿಗೆ ದಿನಕ್ಕೆ 9 ಗಂಟೆ, 13ರಿಂದ 18ರವರಿಗೆ 12 ಗಂಟೆ, ಅದಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಚಿಕ್ಕ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಪಾಠ. ಇದನ್ನೆಲ್ಲ ನೋಡಿಕೊಳ್ಳಲು ಇಡೀ ದೇಶಕ್ಕೆ ನಾಲ್ಕು ಜನ ಇನ್‌ಸ್ಪೆಕ್ಟರುಗಳು.

ಮೊದಲ ಪ್ರಶ್ನೆ: 'ಈ ಕಾಯ್ದೆಯಿಂದ ಎಲ್ಲಾ ಜವಳಿ ಮಿಲ್ಲುಗಳಲ್ಲೂ 9 ವರ್ಷದೊಳಗಿನ ಮಕ್ಕಳ ದುಡಿಮೆ ನಿಂತಿತು. ಸರಿಯೋ ತಪ್ಪೋ?' ಮುಕ್ಕಾಲು ಮಕ್ಕಳು 'ಸರಿ' ಅನ್ನುತ್ತಾರೆ. 'ಮಾತ್ರ' ಅನ್ನುವ ಒಂದು ಪದ ಕಣ್ಣಿಗೆ ಬಿದ್ದಿರುವುದಿಲ್ಲ. ಹೋದ ವರ್ಷ ಒಬ್ಬಳು ಹುಡುಗಿ ಅದನ್ನು ಮೊದಲ ಓದಿನಲ್ಲೇ ಹಿಡಿದಳು. ಅವಳ ಮನೆಯವರು ರೇಷ್ಮೆ ನೂಲು ತೆಗೆಯುವವರು. 'ಮಿಸ್, ರೇಷ್ಮೆಯನ್ನು ಮಾತ್ರ ಯಾಕೆ ಬಿಟ್ಟರು?' ಅಂತ ಕೇಳಿದಳು. ಅದಕ್ಕೆ ಗದ್ಯಭಾಗದಲ್ಲಿ ಉತ್ತರ ಇಲ್ಲ. ಎರಡನೇ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡಳು. ಮನೆಯಿಂದ ಬಂದ ತಿಳಿವಳಿಕೆ ಕಣ್ಣಿಗೆ ಅಡ್ಡ ಬರುತ್ತದೆ ಅಂತ ಮೇಲೆ ಹೇಳಿದೆ. ಇವಳ ವಿಷಯದಲ್ಲಿ ಅದೇ ಕಣ್ಣು ಚುರುಕು ಮಾಡಿತ್ತು.

ಎರಡನೇ ಪ್ರಶ್ನೆ: 'ಕಾಯ್ದೆ ಸರಿಯಾಗಿ ಜಾರಿಯಾಗುವುದು ಯಾಕೆ ಕಷ್ಟವಿತ್ತು?' ಇದಕ್ಕೆ ನೇರ ಉತ್ತರ ಬರೆದಿಲ್ಲ, ಆದರೆ 'ನಾಲ್ಕು ಜನ' ಅನ್ನುವುದರಿಂದ ತೆಗೆಯಬಹುದು. ಮೂರನೆಯದು ಇನ್ನೂ ಚೆನ್ನಾಗಿದೆ: 'ದೊಡ್ಡವರ ದುಡಿಮೆಯ ಅವಧಿಯೂ ಕಡಿಮೆಯಾಯಿತು ಎಂದು ಹೇಳಬಹುದೇ?' ಮಕ್ಕಳು ಹೌದು ಅನ್ನುತ್ತಾರೆ, ಒಳ್ಳೆಯ ಕಾಯ್ದೆ ಬಂದಮೇಲೆ ಎಲ್ಲರಿಗೂ ಒಳ್ಳೆಯದಾಗಿರಬೇಕು ಅಂತ ಅವರ ಲೆಕ್ಕ. ದೊಡ್ಡವರ ಮಾತೇ ಅಲ್ಲಿಲ್ಲ. ಬರೆದಿರುವುದು, ಬರೆದದ್ದರಿಂದ ತೆಗೆಯಬಹುದಾದದ್ದು, ನಮಗೆ ಆಗಲಿ ಅನಿಸುವುದು, ಈ ಮೂರನ್ನೂ ಒಂದೇ ಪುಟದಲ್ಲಿ ಬೇರೆ ಮಾಡಿ ತೋರಿಸುವ ಇಷ್ಟು ಒಳ್ಳೆಯ ಪ್ರಶ್ನೆಗಳನ್ನು ನಾನು ಬೇರೆ ಗೈಡುಗಳಲ್ಲಿ ನೋಡಿಲ್ಲ.

ಇದೇ ಥರದ ಇನ್ನೊಂದು ಶಿವನಸಮುದ್ರದ ವಿದ್ಯುತ್ತಿನದು. 1902ರಲ್ಲಿ ಅಲ್ಲಿಂದ ಕರೆಂಟು ಬಂದದ್ದು ಕೋಲಾರದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಯ ಅಗತ್ಯ ಮೊದಲು ಬಂತು ಅಂತ ಇದರಿಂದ ಹೇಳಬಹುದು. ಗಣಿ ಕೆಲಸಗಾರರ ಮನೆಗಳಲ್ಲಿ ಬೆಂಗಳೂರಿಗಿಂತ ಮೊದಲು ದೀಪ ಉರಿಯಿತು ಅಂತ ಹೇಳಲು ಬರುವುದಿಲ್ಲ. ಊರಿನ ಹೆಮ್ಮೆಗೆ ಮಕ್ಕಳು ಎರಡನೆಯದನ್ನೇ ಗುರುತು ಹಾಕುತ್ತಾರೆ.

ಅಂಕಿ ಇರುವ ಗದ್ಯಭಾಗಗಳಲ್ಲಿ ಅಹಮದಾಬಾದಿನ 1918ರ ಮಿಲ್ ಮುಷ್ಕರದ್ದು ಒಳ್ಳೆಯ ಅಭ್ಯಾಸ ಕೊಡುತ್ತದೆ. ಪ್ಲೇಗಿನ ಕಾಲದಲ್ಲಿ ಕೆಲಸಗಾರರು ಊರು ಬಿಟ್ಟು ಹೋಗದಿರಲಿ ಅಂತ ಕೊಡುತ್ತಿದ್ದ ಬೋನಸ್ಸು ನಿಂತಾಗ ಕೆಲಸಗಾರರು ಕೇಳಿದ್ದು ನೂರಕ್ಕೆ 50 ಹೆಚ್ಚಳ, ಮಾಲೀಕರು ಒಪ್ಪಿದ್ದು 20, ಗಾಂಧೀಜಿ ಸೂಚಿಸಿದ್ದು 35. ಮೂರು ಅಂಕಿ, ಮೂರು ಕಡೆಯವರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ, ಕೆಲಸಗಾರರ ಜೊತೆ ನಿಂತವರು ಅವರ ಅಕ್ಕ ಅನಸೂಯಾ. ಯಾವ ಅಂಕಿ ಯಾರದು ಅಂತ ಪಕ್ಕದಲ್ಲಿ ಬರೆದುಕೊಳ್ಳದೆ ಉತ್ತರಿಸಿದವರು ಹತ್ತರಲ್ಲಿ ಆರು ಜನ ತಪ್ಪುತ್ತಾರೆ. ಇದು ನನ್ನ ಕ್ಲಾಸಿನ ಲೆಕ್ಕ. ಮುಂಬೈ ಮಿಲ್ಲುಗಳಿಗೆ ಭಾನುವಾರದ ರಜೆ ಕೊಡಿಸಿದ ನಾರಾಯಣ ಮೇಘಾಜಿ ಲೋಖಂಡೆಯವರದು, ಲಂಡನ್ನಿನ ಬೆಂಕಿಪೊಟ್ಟಣ ಕಾರ್ಖಾನೆಯ ಹೆಣ್ಣುಮಕ್ಕಳ 1888ರ ಮುಷ್ಕರದ್ದು, ನ್ಯೂಯಾರ್ಕಿನ ಟ್ರಯಾಂಗಲ್ ಕಾರ್ಖಾನೆಯಲ್ಲಿ 1911ರಲ್ಲಿ ಬೆಂಕಿಗೆ 146 ಜನ ಸತ್ತದ್ದು, ಇವೂ ಇವೆ. ಟ್ರಯಾಂಗಲ್ ಗದ್ಯಭಾಗ ಓದಿದ ದಿನ ಯಾರೂ ಬೇಗ ಮನೆಗೆ ಹೊರಡಲಿಲ್ಲ. ಬೀಗ ಹಾಕಿದ ಬಾಗಿಲಿನ ಸಾಲು ಓದಿ, ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕ ಇರುವ ಹುಡುಗ ಪುಸ್ತಕ ಕೆಳಗಿಟ್ಟ. ನಾನೂ ಸ್ವಲ್ಪ ಹೊತ್ತು ಪ್ರಶ್ನೆ ಕೇಳಲಿಲ್ಲ.

ಈಗ ದೂರು.

ದೊಡ್ಡ ದೂರು ಭಾಷೆಯದು. ಅರ್ಧಕ್ಕರ್ಧ ಗದ್ಯಭಾಗಗಳು ಇಂಗ್ಲಿಷಿನಿಂದ ಬಂದವು ಅಂತ ಓದಿದರೇ ಗೊತ್ತಾಗುತ್ತದೆ. 'ಕೂಲಿಯು ಕಡಿತಗೊಳಿಸಲ್ಪಟ್ಟಿತು', 'ಕಾರ್ಮಿಕರು ಹೊರಹಾಕಲ್ಪಟ್ಟರು'. ಬೇರೆ ವಿಷಯದಲ್ಲಾದರೆ ಇದನ್ನು ಬರೀ ಓದಲು ತೊಡಕು ಅಂದು ಬಿಡಬಹುದಿತ್ತು. ಕಾರ್ಮಿಕ ಚರಿತ್ರೆಯಲ್ಲಿ ಇದು ದೊಡ್ಡ ತಪ್ಪು. ಕೂಲಿ ಕಡಿಮೆ ಮಾಡಿದ್ದು ಯಾರು? ಹೊರಗೆ ಹಾಕಿದ್ದು ಯಾರು? ಮಳೆ ಬಂದ ಹಾಗೆ ಕೂಲಿ ತಾನಾಗೇ ಕಡಿಮೆಯಾಗುವುದಿಲ್ಲ. ಈ 'ಲ್ಪಟ್ಟಿತು' ಮಾಡಿದವರನ್ನು ವಾಕ್ಯದಿಂದ ಆಚೆಗೆ ಕಳಿಸಿಬಿಡುತ್ತದೆ. ಆಮೇಲೆ ಕೆಳಗಿನ ಪ್ರಶ್ನೆಯಲ್ಲಿ 'ಇದಕ್ಕೆ ಯಾರು ಕಾರಣ?' ಅಂತ ಕೇಳಿದರೆ ಮಕ್ಕಳು ಎಲ್ಲಿಂದ ತರಬೇಕು? ಅಂಥ ಸಾಲು ಬಂದಾಗಲೆಲ್ಲ 'ಯಾರು?' ಅಂತ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆಸುತ್ತೇನೆ. ಇಡೀ ಗದ್ಯಭಾಗದಲ್ಲಿ ಉತ್ತರ ಸಿಕ್ಕರೆ ಗೆರೆ ಎಳೆದು ಜೋಡಿಸುತ್ತಾರೆ, ಸಿಗದಿದ್ದರೆ 'ಯಾರು?' ಹಾಗೇ ಉಳಿಯುತ್ತದೆ. ಪದಗಳೂ ಹಾಗೇ. ಹಳ್ಳಿಯಿಂದ ಮಿಲ್ಲಿಗೆ ಆಳು ಕರೆತರುತ್ತಿದ್ದವನನ್ನು 'ಉದ್ಯೋಗ ಮಧ್ಯವರ್ತಿ' ಅಂತ ಬರೆದಿದ್ದಾರೆ. ಮೇಸ್ತ್ರಿ ಅಂದಿದ್ದರೆ ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯುತ್ತಿತ್ತು.

ಎರಡನೆಯದು ಉತ್ತರ ಪುಟ. ಬರೀ ಅ, ಆ, ಇ, ಈ. ಯಾಕೆ ಅನ್ನುವುದು ಎಲ್ಲೋ ಒಂದೊಂದಕ್ಕೆ ಮಾತ್ರ ಇದೆ. ಮನೆಯಲ್ಲಿ ಒಬ್ಬರೇ ಓದುವವರಿಗೆ ಇದರಿಂದ ಉಪಯೋಗ ಅಷ್ಟಕ್ಕಷ್ಟೇ. ಒಂದು ಉತ್ತರವಂತೂ ಪೂರ್ತಿ ತಪ್ಪಿತ್ತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ್ದರ ಬಗ್ಗೆ ಒಂದು ಗದ್ಯಭಾಗ ಇದೆ. ಅದರಲ್ಲಿ ಆಳಕ್ಕೆ ಹೋದ ಹಾಗೆ ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, ತೆಗೆಯುವ ಖರ್ಚು ಏರಿತು, ನಷ್ಟ ಬೆಳೆಯಿತು ಅಂತ ಇದೆ. ಮುಚ್ಚಲು ಕಾರಣ ಏನು ಅನ್ನುವುದಕ್ಕೆ ಉತ್ತರ ಪುಟ ಕೊಟ್ಟದ್ದು 'ಚಿನ್ನ ಪೂರ್ತಿ ಮುಗಿದದ್ದು'. ಕಡಿಮೆಯಾಗುವುದು ಬೇರೆ, ಮುಗಿಯುವುದು ಬೇರೆ. ಗದ್ಯಭಾಗ ಬಿಟ್ಟು ಆಚೆ ಹೋಗಬೇಡಿ ಅಂತ ಕಲಿಸುವ ಪುಸ್ತಕ ತಾನೇ ಆಚೆ ಹೋದರೆ ಹೇಗೆ? ಕೆಲಸ ಕಳೆದುಕೊಂಡ ಮನೆಗಳಿಗೆ ಈ ಎರಡು ಮಾತಿನ ನಡುವಿನ ಅಂತರ ಸಣ್ಣದಲ್ಲ. ಚಿನ್ನವೇ ಇಲ್ಲ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಖರ್ಚು ಜಾಸ್ತಿ ಅಂದರೆ ಯಾಕೆ, ಏನು ಮಾಡಬಹುದಿತ್ತು ಅಂತ ಕೇಳಲು ಬಾಯಿ ಇರುತ್ತದೆ.

ಪುಸ್ತಕದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಫೋನ್ ಎತ್ತಿದವರು ಮರ್ಯಾದೆಯಿಂದ ಕೇಳಿಸಿಕೊಂಡು ಬರೆದುಕೊಂಡರು. ಮುಂದಿನ ಮುದ್ರಣದಲ್ಲಿ ಉತ್ತರ ಪುಟ ತಿದ್ದಿದ್ದರು, ಸಂತೋಷವಾಯಿತು. ಆದರೆ ಪುಸ್ತಕದ ಕೊನೆಯಲ್ಲಿರುವ ಮಾದರಿ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಇದೆ, ಅಲ್ಲಿ ಹಳೇ ಉತ್ತರವೇ ಉಳಿದಿದೆ.

ಬೈಂಡಿಂಗ್ ಒಂದು ವರ್ಷ ತಡೆಯುತ್ತದೆ, ಆಮೇಲೆ ಹಾಳೆ ಕಿತ್ತುಬರುತ್ತದೆ. ನಾನು ಪ್ರೆಸ್ಸಿನಲ್ಲಿ ಹೊಲಿಸಿಕೊಂಡೆ. ಅಕ್ಷರ ದಪ್ಪಗಿದೆ, ರಾತ್ರಿ ಓದಲು ಕಷ್ಟವಿಲ್ಲ.

ಯಾರಿಗೆ ಕೊಡಬಹುದು? ಹೇಳಿಕೊಡುವವರು ಜೊತೆಗಿದ್ದರೆ ಒಂಬತ್ತನೇ ಕ್ಲಾಸಿನಿಂದಲೇ ಕೊಡಿ. ಒಬ್ಬರೇ ಓದುವುದಾದರೆ ದಿನಕ್ಕೆ ಒಂದೇ ಗದ್ಯಭಾಗ ಇಟ್ಟುಕೊಳ್ಳಿ. ಮೊದಲು ಪ್ರಶ್ನೆ ಓದಿ ಆಮೇಲೆ ಗದ್ಯಭಾಗಕ್ಕೆ ಬನ್ನಿ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಾಗೆ ಮಾಡಿದ ಮಕ್ಕಳು ಬೇಕಾದ ಪದವನ್ನಷ್ಟೇ ಹುಡುಕುತ್ತಾರೆ, 'ಮಾತ್ರ', 'ಹೊರತು', 'ಬಹುತೇಕ' ಇಂಥವು ತಪ್ಪಿಹೋಗುತ್ತವೆ. ಒಮ್ಮೆ ಪೂರ್ತಿ ಓದಿ, ಆಮೇಲೆ ಪ್ರಶ್ನೆ ಓದಿ, ಆಮೇಲೆ ಬೇಕಾದ ಸಾಲಿಗೆ ವಾಪಸ್ ಹೋಗಿ. ಶುರುವಿನಲ್ಲಿ ಹೊತ್ತು ಹಿಡಿಯುತ್ತದೆ. ನಮ್ಮಲ್ಲಿ ಎರಡು ತಿಂಗಳು ಬಿಡದೆ ಮಾಡಿದವರಿಗೆ ವೇಗ ತಾನಾಗಿ ಬಂದಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಆ 'ಲ್ಪಟ್ಟಿತು'ಗಳಿಗೆ.

ಜೂನ್ ಬ್ಯಾಚಿಗೆ ಇನ್ನೂ ಎರಡು ಪ್ರತಿ ತರಿಸಿದ್ದೇನೆ. ಎರಡರಲ್ಲೂ ಮಾದರಿ ಪರೀಕ್ಷೆಯ ಆ ಉತ್ತರವನ್ನು ಪೆನ್ನಿನಲ್ಲಿ ತಿದ್ದಿ, ಪಕ್ಕದಲ್ಲಿ ಗದ್ಯಭಾಗದ ಸಾಲಿನ ಸಂಖ್ಯೆ ಬರೆದಿಟ್ಟಿದ್ದೇನೆ.