ಮೂರು ಮಳೆಗಾಲ ಕಂಡ ಪಿಎಸ್5, ಪಕ್ಕದಲ್ಲಿ ಭಾವನ ಎಕ್ಸ್‌ಬಾಕ್ಸ್

ಅಡಿಕೆ ಸುಲಿಯುವ ಕಾಲದಲ್ಲಿ ಶಿರಸಿ ಸೀಮೆಯ ಎಲ್ಲ ಮನೆಗಳಂತೆ ನಮ್ಮನೆ ಜಗಲಿಯಲ್ಲೂ ರಾತ್ರಿ ಹನ್ನೊಂದರವರೆಗೆ ಮಾತು ನಡೆಯುತ್ತದೆ. ಹಿರಿಯರದ್ದು ಅಡಿಕೆ ರೇಟು, ಕೊಳೆರೋಗ. ನನ್ನದು ಮತ್ತು ಕಾರವಾರದ ಭಾವನದ್ದು ಮೂರು ವರ್ಷದಿಂದ ಒಂದೇ ವಾದ: ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳ ಈ ತಲೆಮಾರಿನಲ್ಲಿ ಗೆಲ್ಲುವುದು ಸೋನಿಯ ಪಿಎಸ್5ಓ (ಪ್ಲೇಸ್ಟೇಷನ್ 5), ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸೋ? ನನ್ನ ಹತ್ತಿರ ಇರುವುದು ಡಿಸ್ಕ್ ಹಾಕುವ ಪಿಎಸ್5, ಅವನ ಹತ್ತಿರ ಎಕ್ಸ್‌ಬಾಕ್ಸ್ ಸೀರೀಸ್ ಎಸ್. 2024ರ ಮಳೆಗಾಲದಲ್ಲಿ ಅವನು ಮನೆಯಿಂದಲೇ ಕೆಲಸವೆಂದು ಆರು ವಾರ ನಮ್ಮಲ್ಲಿ ಇದ್ದ. ಎರಡೂ ಯಂತ್ರ ಒಂದೇ ಟಿವಿ, ಒಂದೇ ಕರೆಂಟು, ಒಂದೇ ನೆಟ್ಟಿನ ಕೆಳಗೆ ಬಂದವು. ಹಾಗಾಗಿ ಈ ವಿಮರ್ಶೆ ಒಂದರದ್ದೇ ಆಗಿ ಉಳಿಯಲಿಲ್ಲ.

ಪಿಎಸ್5 ನಮ್ಮ ದೇಶದಲ್ಲಿ 2021ರ ಫೆಬ್ರವರಿ 2ರಂದು ₹49,990ಕ್ಕೆ ಬಂತು. ಆದರೆ ಕೈಗೆ ಸಿಗುತ್ತಿರಲಿಲ್ಲ. ಹುಬ್ಬಳ್ಳಿಯ ಒಂದು ಅಂಗಡಿಯವರು ಬೇಡದ ಎರಡು ಆಟ ಜೊತೆಗೆ ಕೊಂಡರೆ ಮಾತ್ರ ಕೊಡುತ್ತೇವೆಂದು ಹಟ ಹಿಡಿದರು, ಬರಿಗೈಯಲ್ಲಿ ವಾಪಸ್ ಬಂದೆ. ಕಡೆಗೆ ಸಿಕ್ಕಿದ್ದು 2022ರ ಅಕ್ಟೋಬರಿನಲ್ಲಿ. ಮುಂದಿನ ತಿಂಗಳೇ ಬೆಲೆ ₹54,990 ಆಯಿತು.

ಅಂಕಿಯಲ್ಲಿ ನೋಡಿದರೆ ವಾದಕ್ಕೆ ಹೆಚ್ಚು ಜಾಗವಿಲ್ಲ. ಪಿಎಸ್5 ಮಾರಾಟ 8 ಕೋಟಿ ದಾಟಿದೆ. ಮೈಕ್ರೋಸಾಫ್ಟ್ ಯಂತ್ರಗಳ ಮಾರಾಟದ ಲೆಕ್ಕ ಹೇಳುವುದನ್ನು 2015ರಲ್ಲೇ ನಿಲ್ಲಿಸಿತು. ತನ್ನದೇ ಆಟಗಳನ್ನು 2024ರಿಂದ ಪಿಎಸ್5ಗೂ ಕೊಡತೊಡಗಿದೆ. ಆದರೂ ಭಾವ ಸೋಲೊಪ್ಪುವುದಿಲ್ಲ, ಅವನ ಮಾತಿನಲ್ಲಿ ಹುರುಳೂ ಇದೆ. ಎಕ್ಸ್‌ಬಾಕ್ಸಿನ ದೊಡ್ಡ ಮಾದರಿ ಸೀರೀಸ್ ಎಕ್ಸ್‌ನ ಬಲ 12 ಟೆರಾಫ್ಲಾಪ್ (ಯಂತ್ರ ಲೆಕ್ಕ ಮಾಡುವ ವೇಗದ ಅಳತೆ), ಪಿಎಸ್5ದು 10.28. ಬಲ ಹೆಚ್ಚಿದ್ದದ್ದೇ ಹಿಂದೆ ಬಿತ್ತು. ನಿಂಟೆಂಡೋ ಕಂಪನಿಯ ವೀ ಯಂತ್ರ 2006ರಲ್ಲಿ ಬಂದಾಗ ಅದಕ್ಕೆ ಎಚ್‌ಡಿ ಚಿತ್ರವೂ ಇರಲಿಲ್ಲ. ಆದರೆ 10 ಕೋಟಿ ಮಾರಿ ಪಿಎಸ್3ನ್ನೂ ಎಕ್ಸ್‌ಬಾಕ್ಸ್ 360ನ್ನೂ ದಾಟಿತು. ಅದರ ಬೆನ್ನಿಗೇ ಬಂದ ವೀ ಯೂ 1.4 ಕೋಟಿಯನ್ನೂ ಮುಟ್ಟಲಿಲ್ಲ. ಅದೇ ಕಂಪನಿಯ 2017ರ ಸ್ವಿಚ್ ಮತ್ತೆ 15 ಕೋಟಿ ದಾಟಿತು. ಕಾಗದದ ಮೇಲಿನ ಬಲ ನೋಡಿ ಭವಿಷ್ಯ ಹೇಳಿದವರು ಹಲವು ಸಲ ತಪ್ಪಿದ್ದಾರೆ. ಜನರ ಮನೆಯಲ್ಲಿ ಏನು ನಡೆಯುತ್ತದೆ ಎನ್ನುವುದು ಆ ಕಾಗದದಲ್ಲಿ ಇರುವುದಿಲ್ಲ.

ನಮ್ಮ ಮನೆಯಲ್ಲಿ ನಡೆಯುವುದು ಮಳೆ. ಜೂನ್ ಶುರುವಾದರೆ ದಿನಕ್ಕೆ ನಾಲ್ಕೈದು ಸಲ ಕರೆಂಟು ಹೋಗುತ್ತದೆ. ನೆಟ್ಟಿನ ಕೇಬಲ್ ತೋಟದ ಅಂಚಿನ ಮರಗಳ ಮೇಲೆ ಹಾದು ಬಂದಿದೆ, ಒಂದು ಕೊಂಬೆ ಮುರಿದರೆ ಎರಡು ದಿನ ಏನೂ ಇಲ್ಲ. ನೆಟ್ ಇದ್ದರೂ ನಮಗೆ ಸಿಗುವ ವೇಗ 20 ಎಂಬಿಪಿಎಸ್. 90 ಜಿಬಿಯ ಆಟ ಇಳಿಯಲು ನಡುವೆ ತಡೆಯಿಲ್ಲದಿದ್ದರೆ ಹತ್ತು ತಾಸು. ತಡೆಯಿಲ್ಲದ ಹತ್ತು ತಾಸು ಜುಲೈನಲ್ಲಿ ನಮಗೆ ಸಿಕ್ಕಿದ್ದೇ ಇಲ್ಲ.

ಡಿಸ್ಕಿನ ಬೆಲೆ ಗೊತ್ತಾಗುವುದು ಇಲ್ಲಿ. ಒಂದು ಡಿಸ್ಕಿನಲ್ಲಿ 100 ಜಿಬಿವರೆಗೆ ಹಿಡಿಯುತ್ತದೆ. ಒಳಗೆ ತಳ್ಳಿದರೆ ಯಂತ್ರ ಅದನ್ನು ತನ್ನೊಳಗಿನ ಸಂಗ್ರಹಕ್ಕೆ (ಎಸ್‌ಎಸ್‌ಡಿ) ಇಳಿಸಿಕೊಳ್ಳುತ್ತದೆ, ಊಟ ಮುಗಿಸಿ ಬಂದರೆ ಆಡಬಹುದು. ಹೊಸ ಆಟಕ್ಕೆ ಐದು ಸಾವಿರದಷ್ಟು ಒಬ್ಬನೇ ಕೊಡುವುದು ನನ್ನಿಂದ ಆಗದು. ಅಂಕೋಲೆಯ ಗೆಳೆಯ, ಹೊನ್ನಾವರದ ಇನ್ನೊಬ್ಬ, ನಾನು ಒಂದೊಂದು ಕೊಂಡು ತಿರುಗಿಸುತ್ತೇವೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ರಟ್ಟು ಹಾಕಿ, ಆ ಕಡೆ ಹೋಗುವವರ ಕೈಲಿ ಕೊಡುತ್ತೇವೆ. ಒಂದೇ ಒಂದು ಡಿಸ್ಕೂ ಈವರೆಗೆ ಕಳೆದಿಲ್ಲ. ಸೀರೀಸ್ ಎಸ್‌ಗೆ ಡಿಸ್ಕಿನ ಬಾಯಿಯೇ ಇಲ್ಲ. 512 ಜಿಬಿಯಲ್ಲಿ ಬಳಕೆಗೆ ಸಿಗುವುದು 364. ಭಾವ ಕಾರವಾರದಲ್ಲಿ ಎಲ್ಲ ಇಳಿಸಿಕೊಂಡೇ ಘಟ್ಟ ಹತ್ತಿದ್ದ. ಅದರಿಂದಾಗಿ ಆರು ವಾರ ಬಚಾವಾದ.

ಆದರೆ ಕರೆಂಟಿನ ವಿಷಯದಲ್ಲಿ ನಾನು ಸೋತೆ. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದೆವು. ದೊಡ್ಡ ಆಟದಲ್ಲಿ ನನ್ನದು 200 ವ್ಯಾಟ್ ಆಸುಪಾಸು, ಅವನದ್ದು 75. ಪಿಎಸ್5ನ್ನು ನಾನು ಇನ್ವರ್ಟರಿಗೆ ಹಾಕುವುದಿಲ್ಲ, ರಾತ್ರಿ ಇಡೀ ಅಮ್ಮನ ಕೋಣೆಗೆ ಫ್ಯಾನು ಬೇಕು. ಸೀರೀಸ್ ಎಸ್ ಹಾಕಿದರೆ ಯಾರೂ ಏನೂ ಹೇಳಲಿಲ್ಲ. ಇನ್ನೊಂದು ಸಂಗತಿ ನಾನು ಕಣ್ಣಾರೆ ಕಂಡದ್ದು. ಆಟವನ್ನು ಅರ್ಧಕ್ಕೆ ಬಿಟ್ಟು ಯಂತ್ರ ಮಲಗಿಸಿದ್ದೆವು, ಗುಡುಗಿಗೆ ಹೆದರಿ ಪ್ಲಗ್ ಕಿತ್ತೆವು. ಮರುದಿನ ಹಾಕಿದರೆ ಆಟದೊಳಗಿನ ಅವನ ಕಾರು ನಿಂತ ತಿರುವಿನಲ್ಲೇ ನಿಂತಿತ್ತು. ಎಕ್ಸ್‌ಬಾಕ್ಸಿನ ಕ್ವಿಕ್ ರೆಸ್ಯೂಮ್ ಆ ಸ್ಥಿತಿಯನ್ನು ಎಸ್‌ಎಸ್‌ಡಿಯಲ್ಲೇ ಬರೆದಿಡುತ್ತದೆ. ಪಿಎಸ್5ನ ರೆಸ್ಟ್ ಮೋಡ್ ಕರೆಂಟು ಇದ್ದಷ್ಟು ಹೊತ್ತು ಮಾತ್ರ. ಕರೆಂಟು ಹೋಗಿ ಬಂದರೆ ಮೊದಲು ಸ್ಟೋರೇಜ್ ಸರಿಪಡಿಸುತ್ತೇನೆಂಬ ಪರದೆ, ಆಮೇಲೆ ಕಡೆಯ ಸಲ ಸೇವ್ ಮಾಡಿದಲ್ಲಿಂದ ಮತ್ತೆ ಶುರು. "ನೋಡು, ಕರೆಂಟ್ ಹೋದ್ರೂ ಆಟ ಇದ್ದು" ಎಂದು ಭಾವ ಹೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂಟ್ರೋಲರಿಗೂ ಅವನದ್ದಕ್ಕೆ ಎರಡು ಪೆನ್ಸಿಲ್ ಸೆಲ್ ಸಾಕು, ಊರಿನ ಗೂಡಂಗಡಿಯಲ್ಲೂ ಸಿಗುತ್ತದೆ.

ಹಾಗಿದ್ದೂ ಪ್ರತಿ ಸಂಜೆ ಕೈ ಹೋಗುವುದು ಪಿಎಸ್5ಗೆ. ಕಾರಣ ಅದರ ಕಂಟ್ರೋಲರ್. ಯಂತ್ರದ ಜೊತೆಗೇ ಬರುವ ಆಸ್ಟ್ರೋ ಆಟದಲ್ಲಿ ಮಳೆ ಬೀಳುವ ಜಾಗವೊಂದಿದೆ. ಹನಿ ಬಿದ್ದಂತೆಲ್ಲ ಅಂಗೈಯಲ್ಲಿ ಚಿಟಿಚಿಟಿ ಎನ್ನುತ್ತದೆ, ಎಡಕ್ಕೆ ಬಿದ್ದದ್ದು ಎಡಗೈಗೆ, ಬಲಕ್ಕೆ ಬಿದ್ದದ್ದು ಬಲಗೈಗೆ. ಹೊರಗೆ ಹಂಚಿನ ಮೇಲೆ ನಿಜವಾದ ಮಳೆ ಸುರಿಯುವಾಗ ಅದನ್ನು ಅಮ್ಮನ ಕೈಗೆ ಕೊಟ್ಟೆ. ಅರೆಗಳಿಗೆ ಹಿಡಿದುಕೊಂಡೇ ಕೂತಳು. "ಇದು ನಮ್ಮ ಮಳೆನೇ" ಎಂದಳು. ಆರು ವಾರದಲ್ಲಿ ನಾವು ಆಡಿದ ಮಾತುಗಳಲ್ಲಿ ನನಗೆ ಹೆಚ್ಚು ನೆನಪಿರುವುದು ಅದು.

ಬಾಳಿಕೆಯ ಬಗ್ಗೆ: ಥಂಡಿಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಯಂತ್ರವನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟು ದಿನಕ್ಕೆ ಅರ್ಧ ತಾಸಾದರೂ ಓಡಿಸುತ್ತೇನೆ, ಒಳಗಿನ ಬಿಸಿಯೇ ಅದನ್ನು ಒಣಗಿಸುತ್ತದೆ. ಎರಡನೇ ವರ್ಷ ಬಿಳಿ ತಟ್ಟೆ ತೆಗೆದಾಗ ಒಳಗೆ ಸಣ್ಣ ಕೆಂಪಿರುವೆಗಳ ಸಾಲು, ಮೊಟ್ಟೆ ಸಮೇತ. ಈ ತಟ್ಟೆಗಳು ಕೈಯಿಂದಲೇ ಬಿಚ್ಚಿ ಬರುತ್ತವೆ, ಧೂಳು ಹಿಡಿಯುವ ತೂತುಗಳೂ ಅಲ್ಲೇ ಇವೆ. ವ್ಯಾಕ್ಯೂಮ್ ಹಿಡಿದರೆ ಹತ್ತು ನಿಮಿಷದ ಕೆಲಸ. ಈಗ ಮಳೆಗಾಲದ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ತಪ್ಪದೆ ಮಾಡುತ್ತೇನೆ. ಕಾರವಾರದಲ್ಲಿ ಕಡಲಿಗೆ ಹತ್ತಿರದ ಮನೆಯಾದರೆ ಉಪ್ಪಿನ ಗಾಳಿಯೂ ಸೇರುತ್ತದೆ. ಭಾವ ಹಿಂಬದಿಯ ಖಾಲಿ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿದ್ದಾನೆ, ಒಳ್ಳೆಯ ಅಭ್ಯಾಸ.

ನನ್ನ ಮಟ್ಟಿಗೆ ಗೆದ್ದದ್ದು ಪಿಎಸ್5, ಅದರ ಡಿಸ್ಕಿನ ಬಾಯಿಯಿಂದಾಗಿ. ನಮ್ಮ ಕಡೆ ಕೊಳ್ಳುವವರು ಒಂದಿಷ್ಟು ದುಡ್ಡು ಉಳಿಸಲು ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಮಾದರಿ ತೆಗೆದುಕೊಳ್ಳಬೇಡಿ. 2024ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದ ಸ್ಲಿಮ್ ಮಾದರಿಯಲ್ಲಿ ಡಿಸ್ಕ್ ಡ್ರೈವ್ ಬಿಚ್ಚಿ ಹಾಕುವಂಥದ್ದು. ಮೊದಲ ಸಲ ಅದನ್ನು ಯಂತ್ರಕ್ಕೆ ಜೋಡಿಸಲು ನೆಟ್ ಬೇಕೇ ಬೇಕು. ಮಳೆಗಾಲದಲ್ಲಿ ಕೊಂಡರೆ ಆ ಕೆಲಸವನ್ನು ಪೇಟೆಯಲ್ಲಿ, ನೆಟ್ ಇರುವ ಯಾರದ್ದಾದರೂ ಮನೆಯಲ್ಲಿ ಮುಗಿಸಿಕೊಂಡೇ ಹಳ್ಳಿಗೆ ತನ್ನಿ.