ಕಡಲತೀರಕ್ಕೆ ಯಾವ ಕಾಗದ: ಕ್ಯಾಲೋಟೈಪೋ, ಮೇಣದ್ದೋ?

ಕಾಗದದ ನೆಗೆಟಿವ್‌ನಲ್ಲಿ (ಪ್ರಿಂಟ್ ತೆಗೆಯಲು ಬಳಸುವ, ಬೆಳಕು-ನೆರಳು ತಿರುಗುಮುರುಗಾದ ಫೋಟೋ) ಕಡಲತೀರ ಹಿಡಿಯಲು ಹಳೆಯ ದಾರಿಗಳು ಮುಖ್ಯವಾಗಿ ಎರಡು. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ, ಮೇಣವಿಲ್ಲದ ಕಾಗದದ ಕ್ಯಾಲೋಟೈಪ್ ಒಂದು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1851ರಲ್ಲಿ ಪ್ರಕಟಿಸಿದ ಮೇಣದ ಕಾಗದ ಇನ್ನೊಂದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಎರಡನ್ನೂ ಒಂದೇ ಕ್ಯಾಮೆರಾದಲ್ಲಿ ಮಾಡಿ ನೋಡಿದೆ. ಈ ಊರೇ ಯಾಕೆ ಅಂದರೆ, ಟಾಲ್ಬಟ್‌ನ ಪೇಟೆಂಟ್ ಸ್ಕಾಟ್ಲೆಂಡಿನಲ್ಲಿ ಇರಲಿಲ್ಲ. ಹಾಗಾಗಿ ಇಲ್ಲಿ ಕ್ಯಾಲೋಟೈಪ್ ಬೇಗ ಬೇರುಬಿಟ್ಟಿತು. ಚಿತ್ರಕಾರ ಡೇವಿಡ್ ಹಿಲ್ ಜೊತೆ ಸೇರಿ ಅದ್ಭುತ ಚಿತ್ರಗಳನ್ನು ಮಾಡಿದ ರಾಬರ್ಟ್ ಆಡಮ್ಸನ್ ಇದೇ ಊರಿನವನು.

ಬಂದರಿನಲ್ಲಿ ಕ್ಯಾಲೋಟೈಪೇ ಗೆದ್ದಿತು. ಇಳಿತದ ಹೊತ್ತಿಗೆ ನೀರು ಬತ್ತಿ ದೋಣಿಗಳು ಕೆಸರಿನ ಮೇಲೆ ಕೂತಿರುತ್ತವೆ. ಒಳ್ಳೆ ಬಿಸಿಲಿದ್ದರೆ ಕೆಲವೇ ನಿಮಿಷ ಸಾಕು, ಹಗ್ಗ ಕೂಡ ಗುರುತು ಸಿಗುತ್ತದೆ. ಮೇಣದ ಕಾಗದ ತುಂಬಾ ನಿಧಾನ. ಅದು ಮುಗಿಯುವಷ್ಟರಲ್ಲಿ ಭರತದ ನೀರು ಬಂದು ದೋಣಿಗಳು ತೇಲಾಡಲು ಶುರುವಾಗಿತ್ತು.

ಆದರೆ ಕೋಟೆಯ ಕೆಳಗಿನ ಬಂಡೆಗಳ ಹತ್ತಿರ ಆಟ ತಿರುಗಿತು. ಕ್ಯಾಲೋಟೈಪ್ ಕಾಗದದಲ್ಲಿ ಸಿಲ್ವರ್ ನೈಟ್ರೇಟ್ (ಬೆಳ್ಳಿಯ ಲವಣ) ಇನ್ನೂ ಹಸಿಯಾಗಿಯೇ ಇರುತ್ತದೆ. ಗಾಳಿಯಲ್ಲಿ ಹಾರಿಬಂದ ಉಪ್ಪುನೀರಿನ ಒಂದು ಹನಿ ಬಿದ್ದರೆ ಅಲ್ಲಿ ಸಿಲ್ವರ್ ಕ್ಲೋರೈಡ್ ಆಗಿ ಕಲೆ ನಿಲ್ಲುತ್ತದೆ. ಮೇಣದ ಕಾಗದಕ್ಕೆ ಈ ಕಾಟ ಕಡಿಮೆ, ಯಾಕಂದರೆ ಹೆಚ್ಚುವರಿ ಬೆಳ್ಳಿಯನ್ನು ಮನೆಯಲ್ಲೇ ತೊಳೆದು ಒಣಗಿಸಿಕೊಂಡು ಬಂದಿರುತ್ತೇವೆ. ಹಾಗೆ ಸಿದ್ಧಮಾಡಿದ್ದು ಕೆಲವು ದಿನ ಕೆಡುವುದೂ ಇಲ್ಲ.

ಅದನ್ನು ತಯಾರು ಮಾಡುವುದೇ ನನಗೆ ಜಾಸ್ತಿ ಇಷ್ಟ. ಕಾಗದಕ್ಕೆ ಬಿಸಿ ಜೇನುಮೇಣ ಕುಡಿಸಿ, ಹೀರುಕಾಗದದ ನಡುವೆ ಇಟ್ಟು ಇಸ್ತ್ರಿ ಮಾಡಬೇಕು. ಹೊಳೆಯುವ ಚುಕ್ಕೆ ಒಂದೂ ಉಳಿಯಬಾರದು. ಆಮೇಲೆ ಅಯೋಡೈಡ್ ಬೆರೆಸಿದ ಅಕ್ಕಿಗಂಜಿಯ ತಿಳಿಯಲ್ಲಿ ಅದ್ದಬೇಕು. ಹೌದು, ನಮ್ಮ ಮನೆಗಳ ಗಂಜಿತಿಳಿಯೇ! ಲೆ ಗ್ರೇಯ ಪಾಕದಲ್ಲೇ ಅದಿದೆ. ನಾರಿನ ಸಂದಿಗಳಲ್ಲಿ ಮೇಣ ತುಂಬಿರುವುದರಿಂದ ಬಂಡೆಯ ಒಂದೊಂದು ಪದರವೂ ಬಿಡಿಸಿದಂತೆ ಬಂತು. ಕ್ಯಾಲೋಟೈಪ್‌ನಲ್ಲಿ ಅದೇ ಜಾಗ ದೊಡ್ಡ ನೆರಳು, ದೊಡ್ಡ ಬೆಳಕು, ಅಷ್ಟೇ. ದೂರದ ಗೋಪುರಕ್ಕೆ ಅದು ಒಪ್ಪುತ್ತದೆ, ಹತ್ತಿರದ ಕಲ್ಲಿಗೆ ಇಲ್ಲ.

ಆಕಾಶಕ್ಕೆ ಎರಡೂ ಒಂದೇ. ಇವು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತವೆ, ಹಾಗಾಗಿ ಪ್ರಿಂಟ್‌ನಲ್ಲಿ ಆಕಾಶ ಬರೀ ಬಿಳಿ. 1854ರಲ್ಲಿ ಬೇಲೂರು, ಹಳೇಬೀಡುಗಳನ್ನು ಕಾಗದದ ಮೇಲೆ ಹಿಡಿದ ಬ್ರಿಟಿಷ್ ಸೇನಾಧಿಕಾರಿ ಲಿನೇಯಸ್ ಟ್ರೈಪ್, ಮರುವರ್ಷ ಬರ್ಮಾದಲ್ಲಿ ತೆಗೆದ ನೆಗೆಟಿವ್‌ಗಳಿಗೆ ಬಣ್ಣ ಹಚ್ಚಿ ಮೋಡ ಮೂಡಿಸಿದ. ಅಲೆ, ಮೋಡ ಎರಡೂ ಬೇಕು ಅನ್ನುವವರು ಗಾಜಿನ ನೆಗೆಟಿವ್‌ಗೆ ಹೋಗಬೇಕು. ಲೆ ಗ್ರೇ ಕೂಡ 1856ರ ಹೊತ್ತಿಗೆ ತನ್ನ ಸಮುದ್ರದ ಚಿತ್ರಗಳಿಗೆ ಗಾಜನ್ನೇ ಹಿಡಿದಿದ್ದ.