ಸೋಸಾ ಅವರ ಜೋಡಿ ಎಲ್‌ಪಿ: ಧಾರವಾಡದ ಕೇಳುಗರಿಗೆ

'ಮೆರ್ಸೆದೆಸ್ ಸೋಸಾ ಎನ್ ಅರ್ಹೆಂತೀನಾ' ಎರಡು ತಟ್ಟೆಗಳ ಎಲ್‌ಪಿ, ಅಂದರೆ ನಿಮಿಷಕ್ಕೆ 33⅓ ಸುತ್ತು ತಿರುಗುವ ಗ್ರಾಮಫೋನ್ ರೆಕಾರ್ಡು. ತಮ್ಮ ದೇಶ ಅರ್ಜೆಂಟೀನಾವನ್ನು ಬಿಟ್ಟು ಹೋಗಬೇಕಾಗಿದ್ದ ಗಾಯಕಿ ಸೋಸಾ, ಸೈನ್ಯದ ಆಳ್ವಿಕೆ ಇನ್ನೂ ಇದ್ದಾಗಲೇ ಮರಳಿ ಬಂದು, 1982ರ ಫೆಬ್ರುವರಿಯಲ್ಲಿ ಬ್ಯೂನಸ್ ಐರಿಸ್‌ನ ತೆಯಾತ್ರೊ ಓಪೆರಾ ರಂಗಮಂದಿರದಲ್ಲಿ ಹಾಡಿದ ಕಚೇರಿಗಳ ಮುದ್ರಣ. ಕೊಳ್ಳಲು ಒಂದೇ ಹಾಡು ಸಾಕು: ಅರ್ಜೆಂಟೀನಾದವರೇ ಆದ ಹಾಡುಗಾರ ಲಿಯೋನ್ ಜಿಯೆಕೊ 1978ರಲ್ಲಿ ಹೊರತಂದ 'ಸೋಲೊ ಲೆ ಪಿದೊ ಆ ದಿಯೋಸ್'. ನೋವು, ಅನ್ಯಾಯ, ಯುದ್ಧ ಕಂಡಾಗ ಮನಸ್ಸು ಕಲ್ಲಾಗದಿರಲಿ ಎಂದು ದೇವರಲ್ಲಿ ಬೇಡುವ ಪದ. ತತ್ವಪದ ಕೇಳಿ ಬೆಳೆದ ಕಿವಿಗೆ ಇದು ಪರಕೀಯ ಅನಿಸುವುದೇ ಇಲ್ಲ.

ತಳದಲ್ಲಿ ಗುಡುಗುವುದು ಬೊಂಬೊ: ಟೊಳ್ಳು ಮಾಡಿದ ಮರದ ಬೊಡ್ಡೆಗೆ ಕೂದಲು ಹೆರೆಯದ ಚರ್ಮ ಬಿಗಿದ ವಾದ್ಯ. ಕೂದಲಿರುವುದರಿಂದ ಹಾವೇರಿ ಡೊಳ್ಳಿನ ಚುರುಕು ಪೆಟ್ಟಿಲ್ಲ, ದುಂಡನೆಯ ಮೆತ್ತನೆ ದನಿ. ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಲ್ಲಿ ಅದು ಮಾಯವಾಗುತ್ತದೆ. 6 ಇಂಚಿನ ಸ್ಪೀಕರಾದರೂ ಬೇಕು.

ಅಮೆರಿಕದಿಂದ ತರಿಸಿದ ಹಳೆಯ ಪ್ಲೇಯರಿದ್ದರೆ ಎಚ್ಚರ. ಅಲ್ಲಿನ 60 ಹರ್ಟ್ಜ್ ಕರೆಂಟಿಗೆಂದು ಮಾಡಿದ ಸಿಂಕ್ರೊನಸ್ ಮೋಟಾರು (ಕರೆಂಟಿನ ಹರ್ಟ್ಜ್‌ಗೆ ತಕ್ಕ ವೇಗದಲ್ಲೇ ತಿರುಗುವಂಥದ್ದು) ಇದ್ದರೆ, ತಟ್ಟೆ ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ನಿಮಿಷಕ್ಕೆ 33⅓ರ ಬದಲು ಸುಮಾರು 28 ಸುತ್ತು ತಿರುಗುತ್ತದೆ. ಶ್ರುತಿ ಹಾರ್ಮೋನಿಯಂನ ಮೂರು ಮನೆ ಕೆಳಗಿಳಿದು, ಸೋಸಾ ಅವರ ತುಂಬುಕಂಠ ಗಂಡುದನಿಯಾಗಿಬಿಡುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನಷ್ಟೇ ಸರಿಪಡಿಸುತ್ತದೆ, ವೇಗವನ್ನಲ್ಲ. ಮೋಟಾರಿಗೆ 50 ಹರ್ಟ್ಜ್‌ನ ಪುಲ್ಲಿಯನ್ನೇ ಹಾಕಿಸಿ. ಮನೆಯ ಹಳೇ 78 ಸುತ್ತಿನ ಪ್ಲೇಟುಗಳ ದಪ್ಪ ಮುಳ್ಳನ್ನು ಈ ಎಲ್‌ಪಿಯ ಮೇಲೆ ಇಡಲೇಬೇಡಿ, ಹಾಡು ಅಡಗಿರುವ ಸಣ್ಣ ಗೀರುಗಳು ಹಾಳಾಗುತ್ತವೆ. ಮಳೆಗಾಲದಲ್ಲಿ ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿಡಿ. ಬೂಷ್ಟು ಮೊದಲು ಹಿಡಿಯುವುದು ರಟ್ಟಿನ ಕವರಿಗೆ.